ಲೀಟರಿಗೆ 140 ರೂಪಾಯಿಯ ‘ಅಹಿಂಸಾ ಹಾಲು’: ಹತ್ತು ತಿಂಗಳ ಬಳಕೆಯ ನಂತರ

ಹತ್ತು ತಿಂಗಳಿಂದ ದಿನವೂ ಬೆಳಿಗ್ಗೆ ಆರೂವರೆಯ ಹೊತ್ತಿಗೆ ಗಾಜಿನ ಬಾಟಲಿಯಲ್ಲಿ ನಮ್ಮ ಮನೆಗೆ ಬರುತ್ತಿರುವ ಹಾಲಿನ ವಿಮರ್ಶೆ ಇದು. ಮೈಸೂರಿನಿಂದ ಹುಣಸೂರಿನ ಕಡೆಗೆ ಹೋಗುವ ದಾರಿಯಲ್ಲಿ, ಮುಖ್ಯರಸ್ತೆ ಬಿಟ್ಟು ನಾಲ್ಕಾರು ಕಿಲೋಮೀಟರ್ ಒಳಗಿರುವ ಒಂದು ಸಣ್ಣ ಡೇರಿಯವರು ಇದನ್ನು ‘ಅಹಿಂಸಾ ಹಾಲು’ ಎಂದು ಮಾರುತ್ತಾರೆ. ಬೆಲೆ ಲೀಟರಿಗೆ 140 ರೂಪಾಯಿ, ಅಂದರೆ ನಂದಿನಿಯ ನೀಲಿ ಪ್ಯಾಕೆಟ್ಟಿನ ಸುಮಾರು ಮೂರು ಪಟ್ಟು. ಬಾಟಲಿಯ ಮೇಲಿನ ಚೀಟಿಯಲ್ಲಿ ನಾಲ್ಕು ಭರವಸೆಗಳಿವೆ: ಮೊದಲು ಕರು ಕುಡಿಯುತ್ತದೆ, ಉಳಿದದ್ದನ್ನಷ್ಟೇ ಕರೆಯುತ್ತೇವೆ; ಗಂಡುಕರುಗಳನ್ನು ಮಾರುವುದಿಲ್ಲ; ಬತ್ತಿದ ಹಸುವನ್ನು ಹೊರಗೆ ಕಳಿಸುವುದಿಲ್ಲ; ಮುದಿ ಹಸುಗಳು ಇಲ್ಲಿಯೇ ಕೊನೆಯುಸಿರು ಬಿಡುತ್ತವೆ. ಡೇರಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ನಾನು ಕೇಳಬೇಕೆಂದಿರುವ ಪ್ರಶ್ನೆಗಳು ಇಂಥ ಹಾಲು ಮಾರುವ ಎಲ್ಲರಿಗೂ ಅನ್ವಯಿಸುತ್ತವೆ. ಅಲ್ಲದೆ ನಾನು ಕೇಳಿದ ಒಂದು ಪ್ರಶ್ನೆಗೆ ಅವರಿಂದ ಇನ್ನೂ ಉತ್ತರ ಬರಬೇಕಾಗಿದೆ.

ಮೊದಲು ಹಾಲಿನ ಮಾತು. ಹಾಲು ಚೆನ್ನಾಗಿದೆ. ಕಾಯಿಸಿ ಆರಿಸಿದರೆ ಬೆರಳಿನಲ್ಲಿ ಎತ್ತುವಷ್ಟು ದಪ್ಪ ಕೆನೆ ಕಟ್ಟುತ್ತದೆ, ಹೆಪ್ಪು ಹಾಕಿದರೆ ಮೊಸರು ಗಟ್ಟಿಯಾಗಿ ನಿಲ್ಲುತ್ತದೆ, ಕಾಫಿಗೆ ಬೆರೆಸಿದಾಗ ಡಿಕಾಕ್ಷನ್ನಿನ ಕಹಿಯನ್ನು ತಗ್ಗಿಸುತ್ತದೆಯೇ ಹೊರತು ಮುಚ್ಚಿಹಾಕುವುದಿಲ್ಲ. ಚೀಟಿಯ ಮೂಲೆಯಲ್ಲಿ, ಹಾಲಿನಲ್ಲಿರುವ ಒಂದು ಬಗೆಯ ಪ್ರೋಟೀನನ್ನು ಸೂಚಿಸುವ ‘ಎ2’ ಎಂಬುದು ದೊಡ್ಡದಾಗಿ ಅಚ್ಚಾಗಿರುವುದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರವು 2024ರ ಆಗಸ್ಟ್‌ನಲ್ಲಿ ಇಂಥ ಘೋಷಣೆಗಳನ್ನು ತೆಗೆಯಬೇಕೆಂದು ಸೂಚಿಸಿ, ವಾರದೊಳಗೆ ಆ ಸೂಚನೆಯನ್ನು ಹಿಂತೆಗೆದುಕೊಂಡ ಮೇಲೆ, ಆ ಎರಡಕ್ಷರಕ್ಕಾಗಿ ಹೆಚ್ಚಿನ ಹಣ ಕೊಡುವ ಮನಸ್ಸು ನನಗೆ ಉಳಿದಿಲ್ಲ. ಬಾಟಲಿಗೆ 60 ರೂಪಾಯಿ ಠೇವಣಿ ಇದೆ. ಹತ್ತು ತಿಂಗಳಲ್ಲಿ ಎರಡು ಸಲ ಹಾಲು ಒಡೆಯಿತು. ಒಮ್ಮೆ ಮರುದಿನವೇ ಹಣ ಹಿಂತಿರುಗಿತು, ಇನ್ನೊಮ್ಮೆ ಮೂರು ಫೋನ್ ಮಾಡಬೇಕಾಯಿತು. ತಂದುಕೊಡುವ ಹುಡುಗ ಸಭ್ಯ, ಗೇಟು ಹಾಕಿಕೊಂಡು ಹೋಗುತ್ತಾನೆ. ಸಾಮಾನ್ಯ ಗ್ರಾಹಕನ ದೃಷ್ಟಿಯಿಂದ ಹೇಳಬೇಕಾದ್ದು ಇಷ್ಟೇ.

ಒಂದು ವಿಷಯವನ್ನು ಮಾತ್ರ ಇಲ್ಲಿಯೇ ಸೇರಿಸಬೇಕು, ಏಕೆಂದರೆ ಇದನ್ನು ಹಲವರು ದೂರಾಗಿ ಬರೆದಿರುವುದನ್ನು ನೋಡಿದ್ದೇನೆ. ಈ ಡೇರಿಯವರು ಬೇಡಿದಷ್ಟು ಹಾಲು ಕೊಡುವುದಿಲ್ಲ. ವರ್ಷದಲ್ಲಿ ಕೆಲವು ವಾರ ‘ಕರುಗಳು ಎಳೆಯವು, ಈ ವಾರ ಒಂದು ಲೀಟರಿನವರಿಗೆ ಅರ್ಧ ಲೀಟರ್’ ಎಂಬ ಸಂದೇಶ ಬರುತ್ತದೆ. ನನಗೆ ಇದು ಸೇವೆಯ ಕೊರತೆಯಾಗಿ ಕಾಣಲಿಲ್ಲ; ಚೀಟಿಯಲ್ಲಿ ಬರೆದದ್ದು ಕೊಟ್ಟಿಗೆಯಲ್ಲೂ ನಡೆಯುತ್ತಿದೆ ಎನ್ನುವುದಕ್ಕೆ ನಮ್ಮ ಬಾಗಿಲವರೆಗೆ ಬರುವ ಒಂದೇ ಸಾಕ್ಷಿ ಅದು. ವರ್ಷವಿಡೀ ದಿನಕ್ಕೊಂದು ಲೀಟರ್ ತಪ್ಪದೆ ಕೊಡುತ್ತೇವೆ ಎನ್ನುವ ‘ಅಹಿಂಸಾ’ ಹಾಲು ಸಿಕ್ಕಿದರೆ ನಾನು ಮೊದಲು ಅನುಮಾನಿಸುವುದು ಅದನ್ನೇ.

ಈ ಹಾಲು ನಮ್ಮ ಮನೆಗೆ ಬಂದದ್ದು ಒಂದು ಜಗಳದ ರಾಜಿಯಾಗಿ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು ನಾಲ್ಕು ವರ್ಷದಿಂದ ವೀಗನ್. ಹಾಲು, ಮೊಸರು, ತುಪ್ಪ, ಜೇನು ಯಾವುದನ್ನೂ ಮುಟ್ಟುವುದಿಲ್ಲ. ತೀರ್ಥಹಳ್ಳಿಯ ಕಡೆಯ ಕೊಟ್ಟಿಗೆಯಲ್ಲಿ ಬದುಕಿನ ಅರ್ಧ ಕಳೆದ ನನ್ನ ತಾಯಿಗೆ 84 ವರ್ಷ. ಮಜ್ಜಿಗೆಯಿಲ್ಲದೆ ಊಟ ಮುಗಿಯಿತೆಂದು ಅವರು ಒಪ್ಪುವುದಿಲ್ಲ. ಒಮ್ಮೆ ಮನೆಗೆ ಬಂದಿದ್ದ ಮಗಳಿಗೆ ಅವರು, “ನಮ್ಮನೇಲಿ ಕರುವಿಗೆ ಎರಡು ಮೊಲೆ ಬಿಟ್ಟೇ ಕರೀತಿದ್ವು ಮಗಾ, ಅದರಲ್ಲಿ ಪಾಪ ಎಂಥದು?” ಎಂದರು. ಅವಳು, “ಆ ಕರು ಗಂಡಾಗಿದ್ರೆ ಆಮೇಲೆ ಎಲ್ಲಿಗೆ ಹೋಗ್ತಿತ್ತು ಅಜ್ಜಿ?” ಎಂದು ಕೇಳಿದಳು. ಉಳುಮೆಗೆ ಎಂದರು. ಉಳುಮೆ ಮುಗಿದ ಮೇಲೆ ಎಂದಳು. ತಾಯಿ ಸ್ವಲ್ಪ ಹೊತ್ತು ಬಿಟ್ಟು, “ಅದನ್ನ ಯಾರೂ ಕೇಳ್ತಿರಲಿಲ್ಲ” ಎಂದು ಎದ್ದು ಹೋದರು. ಮರುವಾರವೇ ನಾನು ಈ ಡೇರಿಗೆ ಚಂದಾದಾರನಾದೆ. ಇಬ್ಬರನ್ನೂ ಸಮಾಧಾನಪಡಿಸಬಹುದೆಂಬ ನನ್ನ ಎಣಿಕೆ ಅರ್ಧ ಮಾತ್ರ ಫಲಿಸಿತು: ತಾಯಿ ಕುಡಿದರು, ಮಗಳು ಬಾಟಲಿಯ ಚೀಟಿಯನ್ನು ಓದಿ ಪಕ್ಕಕ್ಕಿಟ್ಟಳು.

ಅವಳ ಆಕ್ಷೇಪ ಹೊಸದೇನಲ್ಲ. ಪ್ರಾಣಿಗಳ ಪರವಾಗಿ ಮಾತನಾಡುವವರಲ್ಲೇ ಅರ್ಧ ಶತಮಾನದಿಂದ ನಡೆದುಬಂದಿರುವ ವಾದ ಅದು. ಆಸ್ಟ್ರೇಲಿಯಾದ ಪೀಟರ್ ಸಿಂಗರ್ 1975ರಿಂದ ಹೇಳುತ್ತ ಬಂದಿರುವ ಮಾತಿನ ತಿರುಳು ನೋವಿನ ಲೆಕ್ಕ. ನೋವು ಎಲ್ಲಿದೆಯೋ ಅಲ್ಲಿ ಅದನ್ನು ತಗ್ಗಿಸಿದರೆ ಅಷ್ಟರಮಟ್ಟಿಗೆ ಒಳ್ಳೆಯದು ಎನ್ನುವ ಈ ನಿಲುವಿನಲ್ಲಿ ಸುಧಾರಣೆಗೆ ಜಾಗವಿದೆ. ಅಮೆರಿಕದ ಟಾಮ್ ರೇಗನ್ 1980ರ ದಶಕದಲ್ಲಿ, ಪ್ರಾಣಿಗೂ ಅದರದೇ ಆದ ಬದುಕಿದೆ, ಅದಕ್ಕೆ ಹಕ್ಕಿದೆ, ಆದ್ದರಿಂದ ಪಂಜರವನ್ನು ದೊಡ್ಡದು ಮಾಡುವುದಲ್ಲ, ಬರಿದು ಮಾಡಬೇಕು ಎಂದರು. ಅದೇ ದೇಶದ ಕಾನೂನು ಪ್ರಾಧ್ಯಾಪಕ ಗ್ಯಾರಿ ಫ್ರಾನ್ಸಿಯೋನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾನೂನಿನ ಕಣ್ಣಿನಲ್ಲಿ ಪ್ರಾಣಿ ಒಬ್ಬನ ಆಸ್ತಿಯಾಗಿರುವವರೆಗೆ ಯಾವ ಸುಧಾರಣೆಯೂ ಮಾಲೀಕನ ಲಾಭಕ್ಕೆ ಅಡ್ಡ ಬಾರದಷ್ಟಕ್ಕೆ ಮಾತ್ರ ನಿಲ್ಲುತ್ತದೆ, ಜೊತೆಗೆ ಕೊಳ್ಳುವವನ ಅಳುಕನ್ನು ಕಳೆದು ಅವನು ಇನ್ನಷ್ಟು ನಿಶ್ಚಿಂತೆಯಿಂದ ಕೊಳ್ಳುವಂತೆ ಮಾಡುತ್ತದೆ ಎಂದು ವಾದಿಸಿದರು. ನನ್ನ ಮಗಳು ಈ ಮೂರನೆಯವರ ಪಕ್ಷ.

ಅವಳು ಆಗಾಗ ಕೊಡುವ ಉದಾಹರಣೆ ಯುರೋಪಿನ ಮೊಟ್ಟೆಕೋಳಿಗಳದು. ಒಂದು ಕೋಳಿಗೆ 550 ಚದರ ಸೆಂಟಿಮೀಟರ್ ಜಾಗ ಕೊಡುತ್ತಿದ್ದ ಬರಿಯ ಪಂಜರಗಳನ್ನು ರದ್ದುಗೊಳಿಸಲು ಯುರೋಪಿಯನ್ ಒಕ್ಕೂಟವು 1999ರಲ್ಲಿ ತೀರ್ಮಾನಿಸಿತು. ಅದು ಪೂರ್ತಿಯಾಗಿ ಜಾರಿಗೆ ಬಂದದ್ದು 2012ರ ಜನವರಿಯಲ್ಲಿ. ಆ ಪಂಜರಗಳ ಜಾಗದಲ್ಲಿ ಕಾನೂನು ಒಪ್ಪಿದ್ದು ಕೂರಲು ಕೋಲು, ಮೊಟ್ಟೆ ಇಡಲು ಗೂಡು ಇರುವ, ಒಂದು ಕೋಳಿಗೆ 750 ಚದರ ಸೆಂಟಿಮೀಟರ್ ಜಾಗದ ಇನ್ನೊಂದು ಪಂಜರವನ್ನು. ನಾವು ಅರ್ಜಿ ಬರೆಯುವ ಎ4 ಹಾಳೆಯ ವಿಸ್ತೀರ್ಣ ಸುಮಾರು 624 ಚದರ ಸೆಂಟಿಮೀಟರ್. ಹದಿಮೂರು ವರ್ಷದ ಹೋರಾಟ ಹಾಳೆಗಿಂತ ಚಿಕ್ಕ ಜಾಗದಿಂದ ಹಾಳೆಗಿಂತ ತುಸು ದೊಡ್ಡ ಜಾಗಕ್ಕೆ ಬಂದು ನಿಂತಿತು ಎನ್ನುವುದು ಅವಳ ಮಾತು. ಕೂರಲು ಕೋಲಿಲ್ಲದ ಕೋಳಿಗೆ ಕೋಲು ಸಿಕ್ಕಿದ್ದು ಸಣ್ಣ ಸಂಗತಿಯೇ ಎಂದು ನಾನು ಕೇಳುತ್ತೇನೆ. ಅದಕ್ಕೆ ಅವಳು ಸುಲಭವಾಗಿ ಉತ್ತರಿಸುವುದಿಲ್ಲ ಎನ್ನುವುದನ್ನೂ ಇಲ್ಲಿ ದಾಖಲಿಸಬೇಕು.

ಡೇರಿಯವರು ತಿಂಗಳ ಎರಡನೆಯ ಭಾನುವಾರ ಗ್ರಾಹಕರಿಗೆ ಕೊಟ್ಟಿಗೆ ತೋರಿಸುತ್ತಾರೆ. ಫೆಬ್ರವರಿಯಲ್ಲಿ ಮಗಳೂ ನಾನೂ ಹೋದೆವು. ಅವಳು ಬಂದದ್ದೇ ಒಂದು ಆಶ್ಚರ್ಯ. ನೆಲ ಒಣಗಿತ್ತು, ಗಂಜಲ ಹರಿದುಹೋಗಲು ಚರಂಡಿ ಇತ್ತು, ಹಸುಗಳನ್ನು ಮೋಟು ಹಗ್ಗದಲ್ಲಿ ಕಟ್ಟಿರಲಿಲ್ಲ. ಹೆಚ್ಚಿನವು ಗಿರ್, ಕೆಲವು ಹಳ್ಳಿಕಾರ್. ಕರು ಬಿಟ್ಟಾಗ ತಾಯಿ ನೆಕ್ಕುತ್ತ ಸೊರೆ ಬಿಡುವುದನ್ನು, ಕರು ಸಾಕಾಗುವವರೆಗೆ ಕುಡಿದು ಬಾಯಿ ನೊರೆ ಮಾಡಿಕೊಂಡು ಹಿಂದೆ ಸರಿಯುವುದನ್ನು ಕಣ್ಣಾರೆ ಕಂಡೆವು; ಕುಡಿದಷ್ಟು ಕುಡಿಯಲಿ ಎಂದು ಕರೆಯುವವರು ಪಕ್ಕದಲ್ಲಿ ಬರಿಗೈಯಲ್ಲಿ ನಿಂತಿದ್ದರು. ಗೋಡೆಯ ಮೇಲೆ ಪ್ರಾಣಿಗಳ ‘ಐದು ಸ್ವಾತಂತ್ರ್ಯ’ಗಳ ಫಲಕವಿತ್ತು: ಹಸಿವು ಬಾಯಾರಿಕೆಯಿಂದ, ಅನನುಕೂಲದಿಂದ, ನೋವು ರೋಗಗಳಿಂದ, ಭಯದಿಂದ ಬಿಡುಗಡೆ, ಮತ್ತು ಸಹಜವಾಗಿ ವರ್ತಿಸುವ ಸ್ವಾತಂತ್ರ್ಯ. ಬ್ರಿಟನ್ನಿನ ಬ್ರಾಂಬೆಲ್ ಸಮಿತಿಯ 1965ರ ವರದಿಯಿಂದ ಬೆಳೆದುಬಂದ ಈ ಪಟ್ಟಿಯನ್ನು ನಮ್ಮ ಸುಪ್ರೀಂ ಕೋರ್ಟ್ 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಎತ್ತಿಹಿಡಿದಿತ್ತು. ಮಗಳು ಫಲಕವನ್ನು ಎರಡು ಸಲ ಓದಿ, “ಬದುಕೋ ಸ್ವಾತಂತ್ರ್ಯ ಇದರಲ್ಲಿಲ್ಲ, ನೋಡಿದ್ಯಾ ಅಪ್ಪ” ಎಂದಳು. ಆ ಕೊಟ್ಟಿಗೆ ಮಾರಲು ಹೊರಟಿರುವುದೇ ಫಲಕದಲ್ಲಿಲ್ಲದ ಆ ಆರನೆಯದನ್ನು. ಹಾಗಾಗಿ ಅದನ್ನು ಒರೆಗೆ ಹಚ್ಚಬೇಕಾದ್ದೂ ಅಲ್ಲಿಯೇ.

ದಾಖಲೆ ಪುಸ್ತಕ ಕೇಳಿದಾಗ ವ್ಯವಸ್ಥಾಪಕರು ತಡಮಾಡದೆ ಕೊಟ್ಟರು. ಅದಕ್ಕಾಗಿ ಅವರನ್ನು ಮೆಚ್ಚಲೇಬೇಕು. ಡೇರಿ ಶುರುವಾಗಿ ಆರು ವರ್ಷ. ಅಂದು ಅಲ್ಲಿದ್ದವು ಒಟ್ಟು 58 ತಲೆ. ಕರೆಯುವ ಹಸು 15, ಗಬ್ಬದವು ಮತ್ತು ಬತ್ತಿದವು 9, ಕಡಸು ಮತ್ತು ಹೆಣ್ಣುಕರು 16, ಮುದಿ ಹಸು 5, ಗಂಡು 13. ಹಾಲು ಕೊಡುವ ಒಂದೊಂದು ಹಸುವಿನ ಬೆನ್ನ ಮೇಲೆ ಹಾಲು ಕೊಡದ ಮೂರು ಜೀವಗಳ ಭಾರ ಕೂತಿದೆ ಎಂದು ಇದರರ್ಥ. 140 ರೂಪಾಯಿ ಯಾಕೆ ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನನಗೆ ಆ ಉತ್ತರದಿಂದ ತೃಪ್ತಿಯಾಗಲಿಲ್ಲ. ಮನೆಗೆ ಬಂದು ಹಾಳೆ ತೆಗೆದುಕೊಂಡೆ. ಗೋಶಾಲೆಯ ಒಂದು ಹಸುವನ್ನು ವರ್ಷದ ಮಟ್ಟಿಗೆ ದತ್ತು ಪಡೆಯಲು ರಾಜ್ಯ ಸರ್ಕಾರದ ಪುಣ್ಯಕೋಟಿ ದತ್ತು ಯೋಜನೆ 2022ರಲ್ಲಿ ನಿಗದಿಪಡಿಸಿದ ಮೊತ್ತ 11,000 ರೂಪಾಯಿ, ಅಂದರೆ ದಿನಕ್ಕೆ 30. ಇವತ್ತಿನ ಹುಲ್ಲು, ಬೂಸಾ, ಹಿಂಡಿಯ ಬೆಲೆ ಬಲ್ಲವರು ಇದನ್ನು ಕೇಳಿ ನಗಬಹುದು. ಲೆಕ್ಕ ಉದಾರವಾಗಿರಲಿ ಎಂದು ಅದನ್ನೇ ಹಿಡಿದೆ. ಕರು ಕುಡಿದು ಉಳಿಯುವ ಹಾಲು ದಿನಕ್ಕೆ ಆರು ಲೀಟರ್, ಒಂದು ಸೂಲಿಗೆ 300 ದಿನ ಎಂದರೆ 1,800 ಲೀಟರ್. ಎರಡು ಸೂಲಿಗೆ ಒಂದು ಗಂಡುಕರು ಎಂದಿಟ್ಟುಕೊಂಡರೆ 3,600 ಲೀಟರ್ ಹಾಲಿನ ಹಿಂದೆ ಒಂದು ಹೋರಿ ಹುಟ್ಟುತ್ತದೆ. ಅದು 18 ವರ್ಷ ಬದುಕಿದರೆ ಅದರ ಮೇವಿಗೆ 1,98,000 ರೂಪಾಯಿ ಬೇಕು. ಲೀಟರಿಗೆ ಹಂಚಿದರೆ 55. ತಾಯಿಹಸು ಐದು ಸೂಲು ಮುಗಿಸಿ ಇನ್ನೂ ಹತ್ತು ವರ್ಷ ಬದುಕುವುದಕ್ಕೆ ಲೀಟರಿಗೆ ಇನ್ನೊಂದು 12. ಕರೆಯುವ ಹಸುವಿನ ಮೇವು, ಆಳಿನ ಕೂಲಿ, ವೈದ್ಯರು, ಬಾಟಲಿ, ಸಾಗಣೆ ಯಾವುದೂ ಸೇರುವ ಮೊದಲೇ, ಯಾರನ್ನೂ ಕಟುಕರಿಗೆ ಕೊಡದಿರುವುದರ ಬೆಲೆಯೊಂದೇ ಲೀಟರಿಗೆ 67 ರೂಪಾಯಿಯಾಯಿತು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಹಣದ ಲೆಕ್ಕವಲ್ಲ, ತಲೆಗಳ ಲೆಕ್ಕ. ಐದು ಸೂಲು ಕಂಡ ಹಸು ಸರಾಸರಿ ಎರಡೂವರೆ ಹೆಣ್ಣುಕರುಗಳನ್ನು ಬಿಟ್ಟುಹೋಗುತ್ತದೆ. ಅವು ಹಾಲು ಕೊಡಬೇಕಾದರೆ ಅವೂ ಈಯಬೇಕು. ಯಾವುದನ್ನೂ ಹೊರಗೆ ಕಳಿಸದ ಕೊಟ್ಟಿಗೆ ತಲೆಮಾರಿನಿಂದ ತಲೆಮಾರಿಗೆ ಎರಡೂವರೆ ಪಟ್ಟಾಗುತ್ತ, ಜೊತೆಗೆ ಅಷ್ಟೇ ಹೋರಿಗಳನ್ನು ಸಾಕುತ್ತ ಹೋಗಬೇಕಾಗುತ್ತದೆ. ಊರಿನ ಗೋಮಾಳಗಳೇ ಕಾಣೆಯಾಗಿರುವ ಕಾಲದಲ್ಲಿ ಅದಕ್ಕೆ ಜಾಗವೆಲ್ಲಿ? ಗಂಡುಕರು ಹುಟ್ಟದಂತೆ ಮಾಡುವ ಲಿಂಗ ನಿರ್ಧರಿತ ವೀರ್ಯ ಈಗ ಬಂದಿದೆ, ಶೇಕಡಾ 90ರಷ್ಟು ಹೆಣ್ಣುಕರು ಹುಟ್ಟುತ್ತವೆ ಎಂದು ವ್ಯವಸ್ಥಾಪಕರು ಉತ್ಸಾಹದಿಂದ ಹೇಳಿದರು. ಹೌದು, ಆದರೆ ಅದು ಸಾಮಾನ್ಯ ಡೇರಿಗೆ ಒಗ್ಗುವ ಪರಿಹಾರ. ಯಾವ ಹಸುವನ್ನೂ ಬಿಟ್ಟುಕೊಡದ ಇವರ ಕೊಟ್ಟಿಗೆಯಲ್ಲಿ ಹೆಣ್ಣುಗಳು ಇನ್ನೂ ಬೇಗ ಹೆಚ್ಚುತ್ತವೆ ಅಷ್ಟೆ. ಉಳಿಯುವ ಪ್ರಾಮಾಣಿಕ ದಾರಿ ಒಂದೇ: ಹಸುಗಳನ್ನು ಕಡಿಮೆ ಸಲ ಈಯಿಸುವುದು, ಆದ್ದರಿಂದ ಕಡಿಮೆ ಹಾಲು ಮಾರುವುದು. ಚೀಟಿಯಲ್ಲಿರುವ ನಾಲ್ಕು ಭರವಸೆಗಳನ್ನು ಪೂರ್ತಿ ಪಾಲಿಸುವ ಡೇರಿ ವರ್ಷದಿಂದ ವರ್ಷಕ್ಕೆ ಚಿಕ್ಕದಾಗಬೇಕೇ ಹೊರತು ದೊಡ್ಡದಾಗಲಾರದು. ಸುಧಾರಣೆಯನ್ನು ನಿಷ್ಠೆಯಿಂದ ಕೊನೆಯವರೆಗೆ ನಡೆಸಿದರೆ ಅದು ಹೋಗಿ ಸೇರುವುದು ನನ್ನ ಮಗಳು ನಿಂತಿರುವ ಜಾಗದ ಹತ್ತಿರಕ್ಕೇ. ಆದರೆ ಡೇರಿಯ ಕರಪತ್ರದಲ್ಲಿ ‘ಶೀಘ್ರದಲ್ಲೇ ಬೆಂಗಳೂರಿನಲ್ಲೂ’ ಎಂದು ಅಚ್ಚಾಗಿದೆ.

ಸಾಮಾನ್ಯ ಹಾಲು ಇಷ್ಟು ಅಗ್ಗವಾಗಿರುವುದು ಹೇಗೆಂಬುದಕ್ಕೆ ದೇಶದ ಜಾನುವಾರು ಗಣತಿಯಲ್ಲಿ ಉತ್ತರವಿದೆ. 2019ರ ಗಣತಿಯಲ್ಲಿ ದೇಶದ ದನಗಳು ಸುಮಾರು 19.25 ಕೋಟಿ, ಅದರಲ್ಲಿ ಹೆಣ್ಣು 14.5 ಕೋಟಿ, ಗಂಡು 4.7 ಕೋಟಿ. ಕರು ಹುಟ್ಟುವಾಗ ಗಂಡು ಹೆಣ್ಣು ಸರಿಸುಮಾರು ಸಮ. ಉಳಿದ ಗಂಡುಗಳು ಎಲ್ಲಿ ಎನ್ನುವುದನ್ನು, ನಮ್ಮ ತಾಯಿ ಹೇಳಿದಂತೆ, ಯಾರೂ ಕೇಳುವುದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಹೋರಿಗೆ ಕೆಲಸವಿಲ್ಲ. ಅದೇ ಗಣತಿಯಲ್ಲಿ ಬೀದಿ ದನಗಳು 50 ಲಕ್ಷ. ಕರ್ನಾಟಕದಲ್ಲಿ 1964ರ ಕಾಯ್ದೆಯು 12 ವರ್ಷ ಮೀರಿದ ಅಥವಾ ಕೆಲಸಕ್ಕೆ ಬಾರದ ಎತ್ತು ಹೋರಿಗಳ ವಧೆಗೆ ಅವಕಾಶ ಕೊಟ್ಟಿತ್ತು. 2021ರ ಜನವರಿಯಿಂದ ಜಾರಿಗೆ ಬಂದ ಹೊಸ ಕಾಯ್ದೆ 13 ವರ್ಷ ದಾಟಿದ ಎಮ್ಮೆ ಕೋಣಗಳ ಹೊರತು ಎಲ್ಲವನ್ನೂ ನಿಷೇಧಿಸಿತು. ವಧೆಯನ್ನು ನಿಲ್ಲಿಸುವ ಕಾನೂನು ಬಂತು, ವಧೆಗೆ ಹೋಗುತ್ತಿದ್ದ ಪ್ರಾಣಿಯ ಮೇವನ್ನು ಹಾಲಿನ ಬೆಲೆಗೆ ಸೇರಿಸುವ ಕಾನೂನು ಬರಲಿಲ್ಲ. ಎರಡು ಹಸು ಕಟ್ಟಿಕೊಂಡು, ಡೇರಿಗೆ ಹಾಕಿದ ಹಾಲಿಗೆ ಸರ್ಕಾರ ಕೊಡುವ ಲೀಟರಿಗೆ 5 ರೂಪಾಯಿಯ ಪ್ರೋತ್ಸಾಹಧನ ಯಾವಾಗ ಖಾತೆಗೆ ಬೀಳುತ್ತದೋ ಎಂದು ಕಾಯುವ ರೈತನ ಮೇಲೆ ಈ ಭಾರವನ್ನು ಹೊರಿಸುವುದು ನನಗೆ ನ್ಯಾಯವೆನಿಸುವುದಿಲ್ಲ. ಅಗ್ಗದ ಹಾಲು ಕುಡಿದವರು ನಾವು. ಇನ್ನು ಕ್ರೌರ್ಯಕ್ಕೆ ಶಿಕ್ಷೆಯ ಮಾತು: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಈ ಹಾಲಿನ ಅರ್ಧ ಲೀಟರಿನ ಬೆಲೆ ಅದಕ್ಕಿಂತ ಹೆಚ್ಚು.

ಈ ಇಕ್ಕಟ್ಟನ್ನು ನನಗಿಂತ ಮೊದಲೇ, ನನಗಿಂತ ಹೆಚ್ಚು ನೋವಿನಿಂದ ಅನುಭವಿಸಿದವರು ಗಾಂಧೀಜಿ. ಕಲ್ಕತ್ತದಲ್ಲಿ ಹಸುವಿನಿಂದ ಕೊನೆಯ ಹನಿಯನ್ನೂ ಹಿಂಡಲು ನಡೆಸುತ್ತಿದ್ದ ಫೂಕಾ ಎಂಬ ಹಿಂಸೆಯ ವಿವರ ತಿಳಿದದ್ದೂ ಒಂದು ಕಾರಣವಾಗಿ ಅವರು 1912ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹಾಲು ಬಿಟ್ಟರು. ಮುಂದೆ ಕಾಯಿಲೆ ಹಾಸಿಗೆ ಹಿಡಿಸಿದಾಗ, ಪ್ರತಿಜ್ಞೆ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು ಎಮ್ಮೆ ಮಾತ್ರ ಎಂಬ ನೆಪದಲ್ಲಿ ಆಡಿನ ಹಾಲಿಗೆ ಒಪ್ಪಿದರು. ಪ್ರತಿಜ್ಞೆಯ ಅಕ್ಷರ ಉಳಿದು ಜೀವ ಹೋಯಿತೆಂಬ ಕೊರಗನ್ನು ಅವರೇ ತೋಡಿಕೊಂಡಿದ್ದಾರೆ. ಹೀಗೆ ತನ್ನ ಮಟ್ಟಿಗೆ ಹಸುವಿನ ಹಾಲು ಬಿಟ್ಟ ಮನುಷ್ಯ 1924ರ ಡಿಸೆಂಬರ್‌ನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಹೊತ್ತಿನಲ್ಲೇ ನಡೆದ ಗೋರಕ್ಷಾ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು, 1927ರಲ್ಲಿ ಬೆಂಗಳೂರಿನ ಇಂಪೀರಿಯಲ್ ಡೇರಿ ಸಂಸ್ಥೆಗೆ ವಿದ್ಯಾರ್ಥಿಯಂತೆ ಹೋಗಿ ಹಸು ಸಾಕುವುದನ್ನು ಕಲಿತರು, ಅಲ್ಲಿನ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತನೆಂದು ಬರೆದುಕೊಂಡರು. ಗೋಶಾಲೆಗಳು ಒಳ್ಳೆಯ ಡೇರಿಯನ್ನೂ, ತಾನಾಗಿ ಸತ್ತ ದನದ ಚರ್ಮ ಹದಮಾಡುವ ಕೆಲಸವನ್ನೂ ಕೈಗೆತ್ತಿಕೊಳ್ಳದೆ ಹಸು ಉಳಿಯದೆಂದು ಹೇಳುತ್ತಲೇ ಇದ್ದರು. ಈ ಎರಡನೆಯ ಮಾತನ್ನು ನಮ್ಮ ಗೋಶಾಲೆಗಳು ಅಷ್ಟಾಗಿ ನೆನಪಿಟ್ಟುಕೊಳ್ಳಲಿಲ್ಲ. ತನ್ನ ಮಟ್ಟಿಗೆ ಹಸುವಿನ ಹಾಲನ್ನೇ ಬಿಡುವುದು, ಊರಿಗೆ ಸುಧಾರಣೆ ಎಂಬ ಅವರ ಹಾದಿಯನ್ನು ಮಗಳು ಅನುಕೂಲದ ಹಾದಿ ಎನ್ನುತ್ತಾಳೆ. ನನಗೆ ಹಾಗನಿಸುವುದಿಲ್ಲ, ಆಡಿನ ಹಾಲಿನ ವಿಷಯದಲ್ಲಿ ಮಾತ್ರ ಅವಳ ಮಾತು ಸರಿ.

ಈಗ ಉತ್ತರ ಬರಬೇಕಾಗಿರುವ ಪ್ರಶ್ನೆ. ದಾಖಲೆ ಪುಸ್ತಕದಲ್ಲಿ ಆರು ವರ್ಷದಲ್ಲಿ ಹುಟ್ಟಿದ ಗಂಡುಕರುಗಳು 17 ಎಂದಿತ್ತು. ಒಂದು ಎಳೆಯದಿರುವಾಗಲೇ ಸತ್ತಿದೆ. ಕೊಟ್ಟಿಗೆಯಲ್ಲಿದ್ದವು 13. ಉಳಿದ ಮೂರರ ಎದುರಿಗೆ ‘ರೈತರಿಗೆ ದಾನ’ ಎಂದು ಬರೆದಿತ್ತು, ರೈತರ ಹೆಸರಿರಲಿಲ್ಲ. ಕೇಳಿದಾಗ ವ್ಯವಸ್ಥಾಪಕರು, ಉಳುಮೆಗೆ ಬೇಕೆಂದು ಕೇಳಿದವರಿಗೆ ಉಚಿತವಾಗಿ ಕೊಟ್ಟಿದ್ದೇವೆ, ಮಾರುವುದಿಲ್ಲವೆಂದು ಬಾಂಡ್ ಬರೆಸಿಕೊಂಡಿದ್ದೇವೆ ಎಂದರು. ಕೊಟ್ಟ ಮೇಲೆ ಹೋಗಿ ನೋಡಿದ್ದೀರಾ ಎಂದು ಕೇಳಿದೆ. ನೋಡಿರಲಿಲ್ಲ. ಅವರ ಮುಖದಲ್ಲಿ ವಂಚನೆ ಕಾಣಲಿಲ್ಲ; ಜಾಗ ಸಾಲದ ಮನುಷ್ಯನ ಮುಜುಗರ ಕಂಡಿತು. ಚೀಟಿಯಲ್ಲಿ ‘ಮಾರುವುದಿಲ್ಲ’ ಎಂದಷ್ಟೇ ಇದೆ, ‘ಕೊಡುವುದಿಲ್ಲ’ ಎಂದು ಇಲ್ಲ ಎನ್ನುವುದನ್ನು ನಾನು ಆಮೇಲೆ ಗಮನಿಸಿದೆ. ಹೊರಡುವಾಗ, ಕೊಟ್ಟಿಗೆ ನೋಡಿಕೊಳ್ಳುವ ಹಿರಿಯರೊಬ್ಬರು ಕಂಬದ ಮೊಳೆಗೆ ನೇತುಹಾಕಿದ್ದ ಮೂರು ಹಳೆಯ ಹಗ್ಗಗಳನ್ನು ತೋರಿಸಿ, “ದನ ಕೊಟ್ರೂ ಹಗ್ಗ ಕೊಡಬಾರ್ದು ಸ್ವಾಮಿ, ಅದಕ್ಕೇ ಇಟ್ಕೊಂಡಿವ್ನಿ” ಎಂದರು. ಕೊಟ್ಟಿಗೆಯ ಲಕ್ಷ್ಮಿ ಹಗ್ಗದ ಜೊತೆ ಹೋಗಬಾರದೆಂಬ ಇದೇ ನಂಬಿಕೆಯಲ್ಲಿ ನಮ್ಮ ಮನೆಯಲ್ಲೂ ಹಗ್ಗ ಬಿಚ್ಚಿಟ್ಟುಕೊಂಡು ದನ ಕೊಡುತ್ತಿದ್ದದ್ದು ನನಗೆ ನೆನಪಿದೆ. ಆ ಮೂರು ಹೋರಿಗಳು ಈಗ ಎಲ್ಲಿವೆ ಎಂದು ಮಾರ್ಚ್‌ನಲ್ಲಿ ಪತ್ರ ಬರೆದು ಕೇಳಿದ್ದೇನೆ.

ಇನ್ನೊಂದು ಕೊರತೆ ಕಾಲಕ್ಕೆ ಸಂಬಂಧಿಸಿದ್ದು. ಇಲ್ಲಿ ಹುಟ್ಟಿದ ಅತಿ ದೊಡ್ಡ ಹೋರಿಗೆ ಆರು ವರ್ಷ. ಮುದಿ ಹಸುಗಳು ಐದೇ, ಅವೂ ಕೊಂಡು ತಂದವು. ಇಪ್ಪತ್ತು ವರ್ಷದ ಭರವಸೆಯನ್ನು ಆರು ವರ್ಷದ ಅನುಭವದ ಮೇಲೆ ಮಾರಲಾಗುತ್ತಿದೆ. ಡೇರಿ ಮುಚ್ಚಿದರೆ 58 ತಲೆಗಳ ಗತಿಯೇನು, ಅದಕ್ಕಾಗಿ ಲೀಟರಿಗೆ ಇಷ್ಟೆಂದು ಬೇರೆ ಎತ್ತಿಡುತ್ತಿದ್ದೀರಾ ಎಂದು ಕೇಳಿದ್ದಕ್ಕೆ, ಯೋಚನೆಯಿದೆ ಎಂಬ ಉತ್ತರ ಬಂತು. ವಿಮಾ ಕಂಪನಿಯೊಂದು ಹೀಗೆ ಉತ್ತರಿಸಿದ್ದರೆ ನಾವು ಪಾಲಿಸಿ ಕೊಳ್ಳುತ್ತಿರಲಿಲ್ಲ.

ಫ್ರಾನ್ಸಿಯೋನ್ ಅವರ ಭಯ ನಮ್ಮ ಮನೆಯಲ್ಲಿ ನಿಜವಾಯಿತೇ ಎಂದು ಪ್ರಾಮಾಣಿಕವಾಗಿ ನೋಡಿಕೊಂಡೆ. ಅರ್ಧ ನಿಜವಾಯಿತು. ಮೊದಲ ಎರಡು ತಿಂಗಳು ಬಂದವರಿಗೆಲ್ಲ ಕಾಫಿ ಕೊಟ್ಟು ಬಾಟಲಿ ತೋರಿಸಿದ್ದೇನೆ. ಅಳುಕು ಕಳೆದ ಮನುಷ್ಯನ ಉಬ್ಬು ನನ್ನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತೆಂದು ಹೆಂಡತಿ ಹೇಳುತ್ತಾಳೆ. ಹಾಲು ಅಹಿಂಸೆಯದಾಯಿತು, ತುಪ್ಪ ಮಾತ್ರ ಅದೇ ಹಳೆಯ ಅಂಗಡಿಯಿಂದ ಬರುತ್ತಿತ್ತು, ಹಬ್ಬಕ್ಕೆ ಮೈಸೂರು ಪಾಕ್ ತಂದಾಗ ಅದರ ತುಪ್ಪ ಯಾವ ಕೊಟ್ಟಿಗೆಯದೆಂದು ಯಾರೂ ವಿಚಾರಿಸಲಿಲ್ಲ. ಆದರೆ ಬೆಲೆ ತನ್ನ ಕೆಲಸ ಮಾಡಿತು. ದಿನಕ್ಕೆ ಒಂದೂವರೆ ಲೀಟರ್ ತರಿಸುತ್ತಿದ್ದ ಮನೆ ಈಗ ಮುಕ್ಕಾಲು ಲೀಟರಿನಲ್ಲಿ ನಡೆಯುತ್ತಿದೆ. ಸಂಜೆಯ ಕಾಫಿ ಹೋಯಿತು, ಪಾಯಸಕ್ಕೆ ತೆಂಗಿನಹಾಲು ಬಂತು. ಹೆಸರುಬೇಳೆ ಪಾಯಸಕ್ಕೆ ಮೊದಲಿನಿಂದಲೂ ಅದೇ ಸರಿ ಎಂದು ತಾಯಿ ತೀರ್ಪು ಕೊಟ್ಟರು. ಮಗಳು ತಂದ ಓಟ್ಸ್ ಪಾನೀಯವನ್ನೂ ನೋಡಿದೆವು, ಕಾಫಿಗೆ ಪರವಾಗಿಲ್ಲ, ಹೆಪ್ಪಿಗೆ ಬರುವುದಿಲ್ಲ. ಶೇಂಗಾದ ಹಾಲಿನಿಂದ ಮಾಡಿದ ಮೊಸರು ಮಜ್ಜಿಗೆಹುಳಿಗೆ ಹೊಂದಿತು. ನಾಲ್ಕು ವರ್ಷದ ವಾದ ತಗ್ಗಿಸಲಾರದ ಹಾಲನ್ನು ಹತ್ತು ತಿಂಗಳ ಬಿಲ್ಲು ಅರ್ಧಕ್ಕಿಳಿಸಿತು. ಇದರಲ್ಲಿ ನನ್ನ ಮನಸ್ಸಾಕ್ಷಿಯ ಪಾಲೆಷ್ಟು, ಪಿಂಚಣಿಯ ಪಾಲೆಷ್ಟು ಎಂದು ಬಿಡಿಸಿ ಹೇಳಲು ನನಗೆ ಧೈರ್ಯವಿಲ್ಲ.

ಹಾಗಾದರೆ ಇದನ್ನು ಕೊಳ್ಳಬಹುದೇ? ಆರೋಗ್ಯಕ್ಕಾಗಿ, ‘ಎ2’ಗಾಗಿ, ಪುಣ್ಯಕ್ಕಾಗಿ ಕೊಳ್ಳುವವರಿಗೆ ನನ್ನ ಶಿಫಾರಸು ಇಲ್ಲ. ಹಾಲು ಬಿಡಲಾರದ, ಆದರೆ ಅದರ ನಿಜವಾದ ಬೆಲೆಯೆಷ್ಟೆಂದು ಕೈಯಿಂದ ಕೊಟ್ಟು ತಿಳಿಯಬಯಸುವ ಮನೆಗಳಿಗೆ ಕಡಿಮೆ ಪ್ರಮಾಣದಲ್ಲಿ ಕೊಳ್ಳಿರೆಂದು ಹೇಳುತ್ತೇನೆ. ಕೊಳ್ಳುವ ಮೊದಲು ಒಂದು ಭಾನುವಾರ ಹೋಗಿ ದಾಖಲೆ ಪುಸ್ತಕ ನೋಡಿ, ಹೋರಿಗಳನ್ನು ಎಣಿಸಿ. ಕೊಟ್ಟಿಗೆಯವರು ಮಾಡಬೇಕಾದ್ದು ಮೂರಿದೆ. ಹುಟ್ಟಿದ, ಸತ್ತ, ಹೊರಹೋದ ಪ್ರತಿಯೊಂದು ತಲೆಯ ಲೆಕ್ಕವನ್ನು ತಿಂಗಳಿಗೊಮ್ಮೆ ಗ್ರಾಹಕರಿಗೆ ಕಳಿಸಬೇಕು. ಮುದಿತನದ ನಿಧಿಯನ್ನು ಬೇರೆ ಖಾತೆಯಲ್ಲಿಡಬೇಕು. ಅದಕ್ಕಾಗಿ ಬೆಲೆ ಇನ್ನೂ ಇಪ್ಪತ್ತು ರೂಪಾಯಿ ಏರಿದರೂ ನಾನು ಕೊಡುತ್ತೇನೆ, ಮುಕ್ಕಾಲು ಲೀಟರ್ ಅರ್ಧವಾಗಬಹುದು. ಬೆಂಗಳೂರಿನ ಯೋಜನೆಯನ್ನು ಕೈಬಿಡಬೇಕು.

ಐದರಲ್ಲಿ ಮೂರು ನಕ್ಷತ್ರ ಕೊಟ್ಟಿದ್ದೇನೆ: ಒಂದು ಹಾಲಿಗೆ, ಒಂದು ಬರಿಗೈಯಲ್ಲಿ ಕಾದು ನಿಂತಿದ್ದ ಕರೆಯುವವರಿಗೆ, ಒಂದು ದಾಖಲೆ ಪುಸ್ತಕವನ್ನು ಮುಚ್ಚಿಡದೆ ಕೊಟ್ಟಿದ್ದಕ್ಕೆ. ಮಗಳನ್ನು ಕೇಳಿದಾಗ, ನಕ್ಷತ್ರ ಕೊಡುವುದೇ ತಪ್ಪು, ಕೊಡಲೇಬೇಕೆಂದರೆ ನಿನ್ನ ಮೂರರಲ್ಲಿ ಕೊನೆಯದೊಂದನ್ನು ಇಟ್ಟುಕೋ ಎಂದಳು. ಮೂರು ಹೋರಿಗಳ ವಿಳಾಸ ಬಂದರೆ ಇಬ್ಬರೂ ಹೋಗಿ ನೋಡಿಬರುವುದೆಂದು ಮಾತಾಗಿದೆ. ಪತ್ರ ಬರೆದು ಏಳು ವಾರವಾಯಿತು.